ಬಾಬ್ ಕಟ್ ಮಾಡಿಸುವ ಮುನ್ನ ನಲ್ಲಿ ನೀರು ನೋಡಿ

ಫೋನಿನಲ್ಲಿ ಚಿತ್ರ ತೋರಿಸಿ ‘ಇದೇ ತರ ಕತ್ತರಿಸಿ’ ಅನ್ನುವುದು ಸುಲಭ. ಆದರೆ ಆ ಚಿತ್ರದ ಕೂದಲು ಯಲಹಂಕದ ಬೋರ್‌ವೆಲ್ ನೀರಲ್ಲಿ ಮಿಂದಿಲ್ಲ, ಹೆಬ್ಬಾಳದ ಫ್ಲೈಓವರ್ ಮೇಲೆ ಹೆಲ್ಮೆಟ್ ತೊಟ್ಟು ನಿಂತಿಲ್ಲ, ಜುಲೈ ತಿಂಗಳ ಜಿಟಿಜಿಟಿ ಮಳೆ ಕಂಡಿಲ್ಲ. ಟೆಕ್ಸ್ಚರ್ಡ್ ಬಾಬ್ ಆರಿಸಿಕೊಳ್ಳುವವರು ಮೊದಲು ನೋಡಬೇಕಾದ್ದು ತಮ್ಮ ತಲೆಯನ್ನು, ತಮ್ಮ ದಿನವನ್ನು.

ಯಲಹಂಕ ನ್ಯೂ ಟೌನಿನಲ್ಲಿ ಜೂನ್ ತಿಂಗಳ ಒಂದು ಭಾನುವಾರ, ಬೆಳಗಿನ ಹತ್ತೂವರೆ. ಹೊರಗೆ ಮೋಡ ಕವಿದಿದೆ. ಸಲೂನಿನೊಳಗೆ ಎಲ್ಲ ಕುರ್ಚಿಯೂ ಭರ್ತಿ. ಕನ್ನಡಿಯೆದುರು ಕೂತ ಹುಡುಗಿಯ ಮೈಮೇಲೆ ಕಪ್ಪು ಹೊದಿಕೆ, ಬೆನ್ನ ತುಂಬ ಒದ್ದೆ ಕೂದಲು. ಕನ್ನಡಿಯ ಕೆಳಗಿನ ಹಲಗೆಗೆ ಫೋನು ಒರಗಿಸಿಟ್ಟಿದ್ದಾಳೆ. ಅದರಲ್ಲಿ ದೂರದೇಶದ ನಟಿಯೊಬ್ಬಳ ಚಿತ್ರ: ದವಡೆಯ ಸಮಕ್ಕೆ ನಿಂತ, ಅಂಚು ಚದುರಿದ, ಈಗಷ್ಟೇ ಗಾಳಿ ಆಡಿ ಹೋದಂಥ ಗಿಡ್ಡ ಕೂದಲು. ‘ಇದೇ ತರ ಬೇಕಾ ಮೇಡಂ?’ ‘ಹೂಂ, ಇದೇ ತರ.’ ಹಿಂದಿನ ಸೋಫಾದಿಂದ ಅಮ್ಮನ ದನಿ: ‘ಅಷ್ಟೊಂದ್ ಗಿಡ್ಡ ಬೇಡ ಕಣೇ, ಭುಜದ ತನಕ ಇರ್ಲಿ.’ ಕತ್ತರಿ ಹಿಡಿದವನು ಹಿಂದಲೆಯ ಕೂದಲನ್ನು ಬಾಚಣಿಗೆಯಿಂದ ಎತ್ತಿ ಕ್ಲಿಪ್ಪು ಹಾಕಿ, ಕುತ್ತಿಗೆಯ ಬುಡವನ್ನು ಒಂದು ಗಳಿಗೆ ನೋಡುತ್ತಾನೆ. ಅಲ್ಲಿ ಕೂದಲು ಕೆಳಕ್ಕೆ ಬೀಳದೆ ಎಡಕ್ಕೆ ತಿರುಗಿ, ಸುಳಿಯಾಗಿ ಮೇಲಕ್ಕೆದ್ದಿದೆ. ಫೋನಿನಲ್ಲಿರುವ ನಟಿಯದು ಮುಂದಿನಿಂದ ತೆಗೆದ ಚಿತ್ರ. ಅವಳ ಕುತ್ತಿಗೆಯಲ್ಲಿ ಸುಳಿ ಇದೆಯೋ ಇಲ್ಲವೋ ಯಾರಿಗೂ ಕಾಣದು.

ಬಾಬ್ ಕಟ್ ಕೆಡುವುದು ಹೆಚ್ಚಾಗಿ ಇಂಥ ಜಾಗದಲ್ಲೇ. ಉದ್ದ ಕೂದಲಿಗೆ ತನ್ನದೇ ಭಾರವಿದೆ. ಸುಳಿ, ಅಲೆ, ಒರಟುತನ ಎಲ್ಲವನ್ನೂ ಆ ಭಾರ ಕೆಳಕ್ಕೆಳೆದು ಮುಚ್ಚಿಡುತ್ತದೆ. ದವಡೆಯವರೆಗೆ ಕತ್ತರಿಸಿದ ಕೂಡಲೇ ಭಾರ ಹೋಗಿ, ಕೂದಲಿನ ನಿಜಸ್ವಭಾವ ಹೊರಬೀಳುತ್ತದೆ. ಆದ್ದರಿಂದ ಗಿಡ್ಡ ಬಾಬ್ ಆರಿಸುವಾಗ ಮುಖ ದುಂಡಗಿದೆಯೋ ಉದ್ದವಿದೆಯೋ ಅನ್ನುವ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ಬರಬೇಕಾದ್ದು ಕೂದಲು ಹುಟ್ಟುವ ದಿಕ್ಕು, ಅದರ ದಟ್ಟಣೆ, ಅದನ್ನು ತೊಳೆಯುವ ನೀರು, ಅದರ ಮೇಲೆ ದಿನಾ ಕೂರುವ ಹೆಲ್ಮೆಟ್. ಉತ್ತರ ಬೆಂಗಳೂರಿನಂಥ ಕಡೆ ಇವು ಸಣ್ಣ ಸಂಗತಿಗಳಲ್ಲ. ಆದರೂ ನಮ್ಮ ಸಲೂನುಗಳಲ್ಲಿ ಮಾತು ಚಿತ್ರದಿಂದ ಶುರುವಾಗಿ ಚಿತ್ರದಲ್ಲೇ ಮುಗಿಯುತ್ತದೆ. ಅದು ಬದಲಾಗಬೇಕೆಂಬುದು ನನ್ನ ವಾದ.

ಬಾಬ್‌ನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ನರ್ತಕಿ ಐರೀನ್ ಕ್ಯಾಸಲ್ ಕೂದಲು ಗಿಡ್ಡ ಮಾಡಿಕೊಂಡಾಗ ಅದು ದೊಡ್ಡ ಸುದ್ದಿಯಾಯಿತು. 1920ರ ದಶಕದಲ್ಲಿ ಅದು ಊರೂರಿಗೂ ಹಬ್ಬಿತು. ಆದರೆ ಇಂದು ನಾವು ಬಾಬ್ ಅನ್ನುವ ಕಟ್ ರೂಪುಗೊಂಡದ್ದು ಲಂಡನ್ನಿನಲ್ಲಿ, 1963ರಲ್ಲಿ. ವಿಡಾಲ್ ಸಸೂನ್ ನಟಿ ನ್ಯಾನ್ಸಿ ಕ್ವಾನಳ ನೀಳ ಕೂದಲನ್ನು ದವಡೆಯ ಬಳಿ ಚೂಪಾಗಿ, ಕುತ್ತಿಗೆಯ ಬಳಿ ಗಿಡ್ಡವಾಗಿ ಕತ್ತರಿಸಿದ. ಅದಕ್ಕೂ ಮುನ್ನ ಅಲ್ಲಿನ ಹೆಂಗಸರು ವಾರಕ್ಕೊಮ್ಮೆ ಪಾರ್ಲರಿಗೆ ಹೋಗಿ, ಕೂದಲಿಗೆ ರೋಲರ್ ಸುತ್ತಿಸಿಕೊಂಡು, ಡ್ರೈಯರಿನ ಟೋಪಿಯ ಕೆಳಗೆ ಕೂತು ಬರುತ್ತಿದ್ದರು. ಸಸೂನನ ಹೊಸತನವೆಂದರೆ ಆಕಾರವನ್ನು ರೋಲರಿನಿಂದ ಕತ್ತರಿಗೆ ವರ್ಗಾಯಿಸಿದ್ದು. ತೊಳೆದು, ಕೊಡವಿ, ಹಾಗೇ ಬಿಟ್ಟರೂ ಕೂದಲು ತನ್ನ ಜಾಗಕ್ಕೆ ತಾನೇ ಬಂದು ಬೀಳಬೇಕು. ನ್ಯಾನ್ಸಿ ಕ್ವಾನಳಿಗೆ ಆ ಕಟ್ ಅಷ್ಟು ಚೆನ್ನಾಗಿ ಒಪ್ಪಿದ್ದು ಅವಳ ಕೂದಲು ನೇರ, ದಪ್ಪ, ಭಾರದ್ದಾಗಿದ್ದರಿಂದ. ಆ ಕೂದಲನ್ನು ಓದಿಕೊಂಡು ಮಾಡಿದ ಕಟ್ ಅದು. ಅದರ ಫೋಟೊ ಜಗತ್ತೆಲ್ಲ ಸುತ್ತಿತು. ಓದಿಕೊಳ್ಳುವ ಅಭ್ಯಾಸ ಅಷ್ಟು ಸುತ್ತಲಿಲ್ಲ.

ಈಗಿನ ಟೆಕ್ಸ್ಚರ್ಡ್ ಬಾಬ್ ಸಸೂನನ ಆ ಚೂಪು ಗೆರೆಯನ್ನು ಬೇಕೆಂದೇ ಒಡೆಯುತ್ತದೆ. ಮೊದಲು ಅಂಚಿನ ಗೆರೆ ಹಾಕಿ, ಆಮೇಲೆ ಕತ್ತರಿಯನ್ನು ಅಡ್ಡ ಹಿಡಿಯದೆ ಲಂಬವಾಗಿ ಹಿಡಿದು, ತುದಿಯಿಂದ ಸಣ್ಣ ಸಣ್ಣ ಕಚ್ಚು ಹಾಕುತ್ತಾ ಹೋಗುತ್ತಾರೆ. ಸಲೂನಿನವರ ಮಾತಿನಲ್ಲಿ ಇದು ಪಾಯಿಂಟ್ ಕಟಿಂಗ್. ನೆಲಕ್ಕೆ ಬೀಳುವ ಕೂದಲು ಎಳೆಎಳೆಯಾಗಿ, ಒಂದೊಂದು ಒಂದೊಂದು ಉದ್ದದಲ್ಲಿ ಇದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಒಳಪದರದಲ್ಲಿ ಅಲ್ಲಲ್ಲಿ ಗಿಡ್ಡ ಎಳೆಗಳನ್ನು ಬಿಟ್ಟು ಭಾರ ತೆಗೆಯುವುದು ಇದರ ಇನ್ನೊಂದು ಭಾಗ. ಹೀಗೆ ಮಾಡಿದಾಗ ಕೂದಲು ಒಂದೇ ಹಲಗೆಯ ಹಾಗೆ ನಿಲ್ಲದೆ, ಎಳೆಗಳಾಗಿ ಬಿಡಿಸಿಕೊಂಡು ಅಲ್ಲಾಡುತ್ತದೆ. ನಮ್ಮ ಕಡೆಯ ಬಹುಪಾಲು ಹೆಂಗಸರ ಕೂದಲು ಪೂರ್ತಿ ನೇರವೂ ಅಲ್ಲ, ಪೂರ್ತಿ ಗುಂಗುರೂ ಅಲ್ಲ, ನಡುವಿನ ಅಲೆಯುಳ್ಳದ್ದು. ಕತ್ತರಿ ಹಿಡಿದವರಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿದ್ದರೆ, ಈ ಕಟ್ ಇಂಥ ಕೂದಲಿಗೆಂದೇ ಹುಟ್ಟಿದಂತಿದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೂದಲಿನಿಂದ ಕೂದಲಿಗೆ ಬೇರೆ. ದಪ್ಪ ಕೂದಲನ್ನು ಒಂದೇ ಗೆರೆಗೆ ಕತ್ತರಿಸಿ ಬಿಟ್ಟರೆ ಅದು ಕಿವಿಯ ಕೆಳಗೆ ಅಗಲಗಲವಾಗಿ ಹರಡಿ ತ್ರಿಕೋನವಾಗುತ್ತದೆ. ಅಲ್ಲಿ ಒಳಪದರದ ಭಾರ ತೆಗೆಯಲೇಬೇಕು. ತೆಳು ಕೂದಲಿಗೆ ಅದೇ ಔಷಧ ಕೊಟ್ಟರೆ ಅಂಚು ಪಾರದರ್ಶಕವಾಗಿ, ಕೂದಲು ಇನ್ನಷ್ಟು ತೆಳ್ಳಗೆ ಕಾಣುತ್ತದೆ. ಅಂಥವರು ಅಂಚಿನ ಗೆರೆಯನ್ನು ಗಟ್ಟಿಯಾಗಿ ಉಳಿಸಿಕೊಂಡು, ನೆತ್ತಿಯ ಹತ್ತಿರ ಮಾತ್ರ ಒಂದಷ್ಟು ಪದರ ಕೇಳಬೇಕು. ಅಲೆಯುಳ್ಳ ಕೂದಲು ಒದ್ದೆಯಾದಾಗ ಉದ್ದ, ಒಣಗಿದಾಗ ಗಿಡ್ಡ. ಒದ್ದೆಯಲ್ಲಿ ಗಲ್ಲದ ಸಮಕ್ಕೆ ಕತ್ತರಿಸಿದ್ದು ಒಣಗಿದ ಮೇಲೆ ತುಟಿಯ ಮಟ್ಟಕ್ಕೆ ಏರಿ ನಿಂತು ಎಷ್ಟು ಜನ ಅತ್ತಿದ್ದಾರೋ. ಗುಂಗುರು ಹೆಚ್ಚಿದ್ದಷ್ಟೂ ಈ ಏರಿಕೆ ಹೆಚ್ಚು. ಹಾಗಾಗಿ ಗೆರೆ ಹಾಕುವುದು ಒದ್ದೆಯಲ್ಲಾದರೂ, ಟೆಕ್ಸ್ಚರ್ ಕೊಡುವ ಕೆಲಸ ಒಣಗಿದ ಮೇಲೇ ನಡೆಯಲಿ ಎಂದು ಕೇಳಿ. ಥಿನ್ನಿಂಗ್ ಕತ್ತರಿಯನ್ನು ಬುಡದ ಹತ್ತಿರ ಆಡಿಸಲು ಬಿಡಬೇಡಿ. ಅಲ್ಲಿ ಗಿಡ್ಡವಾದ ಎಳೆಗಳು ಎರಡು ತಿಂಗಳಲ್ಲಿ ಮುಳ್ಳಿನಂತೆ ಎದ್ದು ಮೇಲಿನ ಕೂದಲನ್ನೂ ಎತ್ತುತ್ತವೆ.

ಸುಳಿಯ ಮಾತು ಇನ್ನೂ ಮುಖ್ಯ. ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಮಕ್ಕಳನ್ನು ರೇಗಿಸುವಾಗ ನಾವು ನೆತ್ತಿ ನೋಡುತ್ತೇವೆ. ಕುತ್ತಿಗೆಯ ಬುಡದ ಸುಳಿಯನ್ನು ಯಾರೂ ನೋಡುವುದಿಲ್ಲ. ಗಿಡ್ಡ ಬಾಬ್‌ನ ಹಿಂಭಾಗ ನಿಲ್ಲುವುದೋ ಬೀಳುವುದೋ ತೀರ್ಮಾನವಾಗುವುದು ಅಲ್ಲೇ. ಅಲ್ಲಿ ಕೂದಲು ಮೇಲಕ್ಕೆ ಹುಟ್ಟುವವರು ಹಿಂಭಾಗವನ್ನು ಮೆಟ್ಟಿಲುಮೆಟ್ಟಿಲಾಗಿ ತೀರಾ ಗಿಡ್ಡ ಮಾಡಿಸಿದರೆ ದಿನಾ ಬೆಳಗ್ಗೆ ಅದು ನಿಮಿರಿ ನಿಲ್ಲುತ್ತದೆ, ಯಾವ ಜೆಲ್ಲಿಗೂ ಬಗ್ಗದು. ಅಂಥವರಿಗೆ ಹಿಂಭಾಗವನ್ನು ಕೂದಲಂಚಿಗಿಂತ ಎರಡು ಬೆರಳು ಕೆಳಗಿಳಿಸಿ ನಿಲ್ಲಿಸುವುದೇ ದಾರಿ. ನೆತ್ತಿಯ ಸುಳಿಯ ದಿಕ್ಕಿಗೆ ವಿರುದ್ಧವಾಗಿ ಬೈತಲೆ ತೆಗೆದರೆ ಬುಡ ಎದ್ದು, ತೆಳು ಕೂದಲೂ ತುಂಬಿದಂತೆ ಕಾಣುತ್ತದೆ. ಇದನ್ನೆಲ್ಲ ಮೊದಲೇ ತಿಳಿಯಲು ಖರ್ಚಿಲ್ಲದ ಉಪಾಯವಿದೆ. ತಲೆಸ್ನಾನ ಮಾಡಿ, ಏನೂ ಹಚ್ಚದೆ, ಬಾಚದೆ, ಡ್ರೈಯರ್ ಹಿಡಿಯದೆ ಒಣಗಲು ಬಿಡಿ. ಆಮೇಲೆ ಮುಂದಿನಿಂದ, ಪಕ್ಕದಿಂದ, ಕೂದಲೆತ್ತಿ ಕುತ್ತಿಗೆಯಿಂದ ಮೂರು ಫೋಟೊ ತೆಗೆಸಿಕೊಳ್ಳಿ. ಸಲೂನಿನಲ್ಲಿ ಮೊದಲು ತೋರಿಸಬೇಕಾದ ಚಿತ್ರಗಳು ಅವು. ನಟಿಯ ಚಿತ್ರ ಅವುಗಳ ಪಕ್ಕದಲ್ಲಿರಲಿ.

ನೀರು ಎಷ್ಟು ಗಡಸು?
ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದಾಗ 600ರವರೆಗೂ ಒಪ್ಪಬಹುದು. 180 ದಾಟಿದರೇ ಅದನ್ನು ‘ತೀರಾ ಗಡಸು’ ಅನ್ನುವುದು ರೂಢಿ. ಮನೆಯಲ್ಲೇ ತಿಳಿಯುವ ಗುರುತುಗಳಿವೆ: ಬಕೆಟ್ಟಿನ ಒಳಮೈಗೆ ಬಿಳಿ ಪೊರೆ, ಗೀಸರಿನಿಂದ ಉದುರುವ ಸುಣ್ಣದ ಚಕ್ಕೆ, ಎಷ್ಟು ಉಜ್ಜಿದರೂ ನೊರೆ ಬಾರದ ಸೋಪು.

ನೀರಿನ ವಿಷಯದಲ್ಲಿ ಉತ್ತರ ಬೆಂಗಳೂರು ಒಂದೇ ಊರಲ್ಲ. ಆರ್.ಟಿ. ನಗರ, ಯಶವಂತಪುರದಂಥ ಹಳೆಯ ಬಡಾವಣೆಗಳಿಗೆ ಕಾವೇರಿ ನೀರು ಬಂದು ಬಹಳ ಕಾಲವಾಯಿತು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ನಗರಸಭೆಗಳು ಮತ್ತು ನಗರದ ಸುತ್ತಲಿನ 110 ಹಳ್ಳಿಗಳು ಬೃಹತ್ ಬೆಂಗಳೂರಿಗೆ ಸೇರಿದಾಗ ಹೊರವಲಯದ ಬಹುಪಾಲು ಮನೆಗಳು ಬೋರ್‌ವೆಲ್ಲು, ಟ್ಯಾಂಕರುಗಳನ್ನೇ ನಂಬಿದ್ದವು. ಆ ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ ಊರೆಲ್ಲ ಟ್ಯಾಂಕರಿನ ಹಿಂದೆ ಓಡಿದ್ದನ್ನು ಯಾರೂ ಮರೆತಿಲ್ಲ. ಈಗಲೂ ಎಷ್ಟೋ ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಬೆರೆತ ನೀರಿರುತ್ತದೆ. ಬಂಡೆಯ ಬಿರುಕಿನೊಳಗಿಂದ ಮೇಲೆತ್ತಿದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ತಲೆ ತೊಳೆದಾಗ ಅವು ಕೂದಲಿನ ಹೊರಪೊರೆಗೆ ಅಂಟುತ್ತವೆ. ಗಡಸು ನೀರಿನಿಂದಲೇ ಕೂದಲು ಉದುರುತ್ತದೆ ಎಂಬ ಜನಜನಿತ ಮಾತಿಗೆ ಗಟ್ಟಿ ಆಧಾರವಿಲ್ಲ. ಆದರೆ ಕೂದಲು ಒರಟಾಗುವುದು, ಹೊಳಪು ಕಳೆದುಕೊಳ್ಳುವುದು, ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದು ನಿಜ.

ಬಾಬ್‌ಗೆ ಇದರಿಂದ ನಷ್ಟವೂ ಇದೆ, ಲಾಭವೂ ಇದೆ. ಒರಟಾದ ಎಳೆಗಳ ಮೇಲೆ ಟೆಕ್ಸ್ಚರ್ ಹೆಚ್ಚಿಗೆ ಕೊಟ್ಟರೆ ಅದು ಗಾಳಿ ಆಡಿದ ಕೂದಲಾಗಿ ಕಾಣದೆ, ಕೆದರಿದ ಕೂದಲಾಗಿ ಕಾಣುತ್ತದೆ. ಆದ್ದರಿಂದ ಬೋರ್‌ವೆಲ್ ನೀರಿನ ಮನೆಯವರು ಚಿತ್ರದಲ್ಲಿ ಕಾಣುವುದಕ್ಕಿಂತ ಒಂದು ಹಂತ ಕಡಿಮೆ ಟೆಕ್ಸ್ಚರ್ ಕೇಳುವುದು ಜಾಣತನ. ಕೊರತೆಯನ್ನು ಅವರ ನೀರೇ ತುಂಬಿಕೊಡುತ್ತದೆ. ಸಮುದ್ರದ ಉಪ್ಪಿನ ಸ್ಪ್ರೇ ಅಂತ ಮಾರುವ ಬಾಟಲಿಯೂ ಇವರಿಗೆ ಬೇಡ, ಆ ಕೆಲಸವನ್ನು ನಲ್ಲಿ ಆಗಲೇ ಮಾಡಿ ಮುಗಿಸಿದೆ. ಲಾಭವೆಂದರೆ ನೀರಿನ ಪ್ರಮಾಣ. ಬೆನ್ನುದ್ದದ ಜಡೆಯನ್ನು ಕುಡಿಯುವ ನೀರಿನಲ್ಲಿ ತೊಳೆಯಲು ಯಾರಿಗೂ ಆಗದು. ಬಾಬ್ ಕೂದಲಿಗೆ ಕೊನೆಯ ಜಾಲಾಟಕ್ಕೆ ಎರಡು ಚೊಂಬು ಫಿಲ್ಟರ್ ನೀರು ಸಾಕು, ಮತ್ತು ಅದರಿಂದ ಆಗುವ ವ್ಯತ್ಯಾಸ ಮೊದಲ ದಿನವೇ ಬೆರಳಿಗೆ ತಿಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದು ಚೊಂಬು ನೀರಿಗೆ ಚಮಚ ನಿಂಬೆರಸ ಬೆರೆಸಿ ಕೂದಲ ಮೇಲೆ ಹಾಯಿಸಿ ತೊಳೆದರೆ ಅಂಟಿದ ಸುಣ್ಣದಂಶ ಕರಗುತ್ತದೆ. ನಮ್ಮ ಅಜ್ಜಿಯರ ಸೀಗೆಪುಡಿ, ಅಂಟುವಾಳಕ್ಕೂ ಇಲ್ಲಿ ಒಂದು ಗುಣವಿದೆ: ಸೋಪಿನ ಹಾಗೆ ಅವು ಗಡಸು ನೀರಿನಲ್ಲಿ ಒಡೆದು ಜಿಗುಟಾಗುವುದಿಲ್ಲ. ಆದರೆ ಪುಡಿಯ ಕಣಗಳು ಗಿಡ್ಡ ಕೂದಲಿನ ಬುಡದಲ್ಲಿ ಉಳಿಯುತ್ತವೆ, ಪುಡಿ ಕದಡಿ ಸೋಸಿದ ನೀರನ್ನೇ ಬಳಸಬೇಕು.

ಇನ್ನು ಹೆಲ್ಮೆಟ್. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಕೊಡಿಗೇಹಳ್ಳಿಯಿಂದ ನಾಗವಾರದ ಮಾನ್ಯತಾ ಟೆಕ್ ಪಾರ್ಕಿಗೆ ಸ್ಕೂಟರಿನಲ್ಲಿ ಹೋಗುವ ಹುಡುಗಿಯ ತಲೆ ಮುಕ್ಕಾಲು ಗಂಟೆಯಾದರೂ ಅದರೊಳಗಿರುತ್ತದೆ. ಇಲ್ಲಿ ಕೂದಲಿನ ರಸಾಯನ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಕೂದಲಿನ ಕೆರಾಟಿನ್‌ನೊಳಗೆ ಹೈಡ್ರೋಜನ್ ಬಂಧಗಳಿವೆ. ನೀರು ತಾಗಿದರೆ ಅವು ಬಿಡುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಒಣಗುವ ಹೊತ್ತಿನಲ್ಲಿ ಕೂದಲು ಯಾವ ಆಕಾರದಲ್ಲಿತ್ತೋ ಆ ಆಕಾರವೇ ಉಳಿಯುತ್ತದೆ. ಬೆಳಗ್ಗೆ ತಲೆಗೆ ಸ್ನಾನ ಮಾಡಿ, ಅರ್ಧ ಒದ್ದೆಯಲ್ಲೇ ಹೆಲ್ಮೆಟ್ ತೊಟ್ಟು ಹೊರಟರೆ ಹೆಬ್ಬಾಳ ದಾಟುವ ಹೊತ್ತಿಗೆ ಕೂದಲು ಹೆಲ್ಮೆಟ್ಟಿನ ಅಚ್ಚಿನಲ್ಲೇ ಒಣಗಿರುತ್ತದೆ: ನೆತ್ತಿ ಚಪ್ಪಟೆ, ಕಿವಿಯ ಕೆಳಗೆ ಹೊರಕ್ಕೆ ತಿರುಗಿದ ಅಂಚು. ಹಿಂದಿನ ರಾತ್ರಿಯೇ ತಲೆ ತೊಳೆಯಿರಿ, ಇಲ್ಲವೇ ಪೂರ್ತಿ ಒಣಗಿಸಿ ಹೊರಡಿ. ಆಫೀಸು ತಲುಪಿದ ಮೇಲೆ ಬೆರಳ ತುದಿ ಒದ್ದೆ ಮಾಡಿಕೊಂಡು ಬುಡಕ್ಕೆ ತಾಗಿಸಿ, ತಲೆ ಬಗ್ಗಿಸಿ ಒಮ್ಮೆ ಕೊಡವಿ, ಬೈತಲೆಯನ್ನು ಆ ಪಕ್ಕದಿಂದ ಈ ಪಕ್ಕಕ್ಕೆ ಎಸೆದರೆ ಬಂಧಗಳು ಬಿಟ್ಟು ಹೊಸದಾಗಿ ಕೂರುತ್ತವೆ. ಚೂಪು ಗೆರೆಯ ಬಾಬ್ ಇಷ್ಟಕ್ಕೆಲ್ಲ ಸರಿಹೋಗುವುದಿಲ್ಲ, ಅದರ ಒಂದು ಎಳೆ ಆಚೀಚೆಯಾದರೂ ಕಾಣುತ್ತದೆ. ಟೆಕ್ಸ್ಚರ್ಡ್ ಬಾಬ್ ಈ ಊರಿಗೆ ಹೊಂದುತ್ತದೆ ಅನ್ನಲು ನನಗೆ ಕಾಣುವ ಅತಿ ದೊಡ್ಡ ಕಾರಣ ಇದೇ: ಅದು ಅಸ್ತವ್ಯಸ್ತವನ್ನು ತನ್ನ ಆಕಾರದೊಳಗೇ ಇಟ್ಟುಕೊಂಡಿದೆ.

ಮಳೆಗಾಲದಲ್ಲೂ ನಡೆಯುವುದು ಅದೇ ರಸಾಯನ. ಗಾಳಿಯ ತೇವ ಕೂದಲಿನೊಳಗಿಳಿದು ಬಂಧಗಳನ್ನು ಸಡಿಲಿಸುತ್ತದೆ, ಅಲೆ ಉಬ್ಬುತ್ತದೆ. ಮಾರ್ಚ್ ತಿಂಗಳ ಒಣಹವೆಯಲ್ಲಿ ಕತ್ತರಿಸಿಕೊಂಡ ಉದ್ದಕ್ಕೇ ಜುಲೈನಲ್ಲೂ ಕತ್ತರಿಸಿದರೆ ಬಾಬ್ ಅರ್ಧ ಅಂಗುಲ ಮೇಲೇರಿದಂತೆ, ಅಗಲವಾದಂತೆ ಕಾಣುವುದು ಇದರಿಂದಲೇ. ಜೂನ್‌ನಿಂದ ಅಕ್ಟೋಬರಿನವರೆಗೆ ಕಟ್ ಮಾಡಿಸುವವರು ಬೇಕಾದ್ದಕ್ಕಿಂತ ಒಂದು ಬೆರಳು ಉದ್ದ ಇಟ್ಟುಕೊಂಡರೆ ಸಾಕು. ದಿನದ ಆರೈಕೆ ಸರಳ. ಹಳೆಯ ಕಾಟನ್ ಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಅವರೆಕಾಳಿನಷ್ಟು ಕ್ರೀಮನ್ನು ಅಂಗೈಯಲ್ಲಿ ಹರಡಿ ತುದಿಗಳಿಗೆ ಮಾತ್ರ ಹಚ್ಚಿ, ನಾಲ್ಕೈದು ಎಳೆಗಳನ್ನು ಬೆರಳಿಗೆ ಸುತ್ತಿ ಬಿಡಿ. ಡ್ರೈಯರ್ ಹಿಡಿದರೆ ಬುಡದಿಂದ ತುದಿಯ ಕಡೆಗೆ ಗಾಳಿ ಹೋಗಲಿ, ಕೊನೆಗೆ ತಣ್ಣನೆ ಗಾಳಿ ಬಿಡಿ. ಕೊಬ್ಬರಿ ಎಣ್ಣೆ ಬಿಡಬೇಕಾಗಿಲ್ಲ. ಅದು ಕೂದಲಿನೊಳಕ್ಕೆ ಇಳಿದು ತೊಳೆಯುವಾಗಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆದರೆ ಹಚ್ಚುವುದು ಸ್ನಾನಕ್ಕೆ ಮುನ್ನ. ಸ್ನಾನದ ಮೇಲೆ ಹಚ್ಚಿದರೆ ಗಿಡ್ಡ ಎಳೆಗಳು ಒಂದಕ್ಕೊಂದು ಅಂಟಿ, ಕಟ್ ಮಾಡಿಸಿದ್ದೇ ವ್ಯರ್ಥವಾಗುತ್ತದೆ.

ಇಷ್ಟು ತಲೆಬಿಸಿ ಯಾಕೆ, ಸ್ಮೂತ್ನಿಂಗ್ ಮಾಡಿಸಿದರೆ ಯಾವ ಚಿತ್ರದ ಕಟ್ಟೂ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಬರುತ್ತದೆ, ಮೂರು ತಿಂಗಳು. ಆಮೇಲೆ ಬುಡದಿಂದ ಬರುವ ಹೊಸ ಕೂದಲು ತನ್ನ ಸ್ವಭಾವದಲ್ಲೇ ಬರುತ್ತದೆ; ಉದ್ದ ಕೂದಲಿನಲ್ಲಿ ಅಡಗುವ ಈ ಎರಡು ಬಗೆ, ಎಂಟು ಅಂಗುಲದ ಬಾಬ್‌ನಲ್ಲಿ ಎದ್ದು ಕಾಣುತ್ತದೆ. ಇದೇ ಕೆಲಸಕ್ಕೆ ಬಳಸುವ ಕೆಲವು ಕೆರಾಟಿನ್ ಚಿಕಿತ್ಸೆಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದು ಕ್ಯಾನ್ಸರ್ ತರುವ ವಸ್ತುವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿದೆ. ಕಿಟಕಿಯಿಲ್ಲದ ಸಣ್ಣ ಪಾರ್ಲರಿನಲ್ಲಿ ಆ ಹೊಗೆಯನ್ನು ದಿನವಿಡೀ ಉಸಿರಾಡುವವರು ಅಲ್ಲಿ ಕೆಲಸ ಮಾಡುವ ಹುಡುಗಿಯರು.

ಮುಖದ ಆಕಾರದ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬಾಬ್‌ನ ಅಂಚು ಎಲ್ಲಿ ನಿಲ್ಲುತ್ತದೋ ಕಣ್ಣು ಅಲ್ಲಿಗೇ ಹೋಗುತ್ತದೆ. ದವಡೆ ಅಗಲವಿರುವವರು ಸರಿಯಾಗಿ ದವಡೆಯ ಮೂಲೆಯಲ್ಲೇ ಗೆರೆ ನಿಲ್ಲಿಸಿದರೆ ಅಗಲ ಹೆಚ್ಚು ಕಾಣುವುದು ದಿಟ. ಆದರೆ ಇದು ಒಂದು ಬೆರಳು ಮೇಲೆ ಕೆಳಗೆ ಮಾಡಿದರೆ ಮುಗಿಯುವ ಸಮಸ್ಯೆ, ಬೈತಲೆ ಬದಲಿಸಿದರೂ ಆದೀತು. ದುಂಡು ಮುಖದವರು ಬಾಬ್ ಮಾಡಿಸಲೇಬಾರದು ಎಂಬ ನಿಯಮಕ್ಕೆ ಬುಡವಿಲ್ಲ. ಸುಳಿ, ದಟ್ಟಣೆ, ಅಲೆ ಇವುಗಳನ್ನು ಹಾಗೆ ಒಂದು ಬೆರಳಿನ ಲೆಕ್ಕದಲ್ಲಿ ತಿದ್ದಲಾಗದು. ತಿದ್ದಲಾಗದ್ದನ್ನು ಮೊದಲು ನೋಡಿ, ತಿದ್ದಬಹುದಾದ್ದನ್ನು ಆಮೇಲೆ ನೋಡುವುದೇ ಸರಿಯಾದ ಕ್ರಮ.

ಗಂಭೀರವಾದ ಆಕ್ಷೇಪ ಬೇರೆಯದು, ಮತ್ತು ಅದು ಬರುವುದು ಸೋಫಾದಲ್ಲಿ ಕೂತ ಅಮ್ಮನಿಂದ. ಹೆಣ್ಣುಮಕ್ಕಳು ಕೂದಲು ಕತ್ತರಿಸಬಾರದೆಂಬ ಮಾತನ್ನು ಹಳೇ ಕಾಲದವರ ಹಟವೆಂದು ಬದಿಗಿಡುವುದು ಅನ್ಯಾಯ. ಈ ನಾಡಿನಲ್ಲಿ ಹೆಣ್ಣಿನ ತಲೆಗೆ ಕತ್ತರಿ ಬಂದದ್ದು ಬಹುಕಾಲ ಶಿಕ್ಷೆಯಾಗಿಯೇ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ 1976ರಲ್ಲಿ ಬಂದಾಗ ಬಾಲವಿಧವೆಯ ತಲೆ ಬೋಳಿಸುವ ಕ್ರೌರ್ಯ ಕನ್ನಡ ಓದುಗರ ಕಣ್ಣೆದುರು ನಿಂತಿತು. ಅದನ್ನು ಪ್ರೇಮಾ ಕಾರಂತರು ಸಿನಿಮಾ ಮಾಡಿದರು. 1977ರ ‘ಘಟಶ್ರಾದ್ಧ’ ಸಿನಿಮಾದ ಕೊನೆಯಲ್ಲಿ ತಲೆ ಬೋಳಿಸಿಕೊಂಡು ಒಂಟಿಯಾಗಿ ಕೂತ ಯಮುನಕ್ಕನನ್ನು ನೋಡಿದವರು ಮರೆಯಲಾರರು. ನೀಳ ಜಡೆಯೆಂದರೆ ಮುತ್ತೈದೆತನ, ಕ್ಷೇಮ, ಮನೆಯ ಮಾನ ಎಂದು ನಂಬಿದ ಹೆಂಗಸರ ಎದೆಯಲ್ಲಿ ಆ ನೆನಪಿದೆ. ಮಗಳ ಕೂದಲು ನೆಲಕ್ಕೆ ಬೀಳುವಾಗ ಅವರಿಗಾಗುವ ಕಸಿವಿಸಿ ಅಲ್ಲಿಂದ ಬರುತ್ತದೆ, ಅದಕ್ಕೆ ಗೌರವ ಸಲ್ಲಬೇಕು.

ಆದರೆ ಅದೇ ಚರಿತ್ರೆಯಲ್ಲಿ ಉತ್ತರವೂ ಇದೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಹುಡುಗರು ಜುಟ್ಟು ತೆಗೆಸಿ ಕ್ರಾಪು ಬಿಟ್ಟಾಗ ಮನೆಮನೆಯಲ್ಲಿ ರಂಪವಾಯಿತು, ಧರ್ಮ ಕೆಟ್ಟಿತೆಂದರು. ಇವತ್ತು ಕ್ರಾಪು ಬಿಟ್ಟ ಗಂಡಸಿಗೆ ಯಾರೂ ಜುಟ್ಟಿನ ಲೆಕ್ಕ ಕೇಳುವುದಿಲ್ಲ. ಗಂಡಸರ ತಲೆಗೆ ಸಿಕ್ಕ ಈ ಬಿಡುಗಡೆ ಹೆಂಗಸರ ತಲೆಗೆ ಬರಲು ಇಷ್ಟು ತಡವಾಗಬೇಕಾಗಿರಲಿಲ್ಲ. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಗೆ ಇಂದಿರಾ ಗಾಂಧಿ ಬಂದಾಗ, ನಡುವೆ ಬೆಳ್ಳಿಪಟ್ಟಿಯಿದ್ದ ಆ ಗಿಡ್ಡ ಕೂದಲಿನ ಮೇಲೆ ಸೆರಗು ಹೊದ್ದ ಹೆಂಗಸನ್ನು ನೋಡಲು ಮಲೆನಾಡಿನ ಹೆಣ್ಣುಮಕ್ಕಳು ಕಿಕ್ಕಿರಿದು ನೆರೆದರು, ವೋಟು ಹಾಕಿ ಗೆಲ್ಲಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ ಬಯೋಕಾನ್ ಶುರುಮಾಡಿದ ಕಿರಣ್ ಮಜುಂದಾರ್ ಷಾ ಅವರನ್ನು ನಾವು ನೋಡುತ್ತ ಬಂದಿರುವುದೂ ಗಿಡ್ಡ ಕೂದಲಲ್ಲೇ. ಭಕ್ತಿಯ ಲೆಕ್ಕ ಹಿಡಿದರೂ, ತಿರುಪತಿಗೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಮುಡಿ ಕೊಟ್ಟು ಬರುವ ಹೆಂಗಸರು ನಮ್ಮ ಬೀದಿಗಳಲ್ಲೇ ಇದ್ದಾರೆ. ವರ್ಷ ಕಳೆಯುವ ಹೊತ್ತಿಗೆ ಅವರ ತಲೆಯ ಮೇಲೆ ಇರುವುದು ಬಾಬ್ ಅಲ್ಲದೆ ಮತ್ತೇನು? ಫಣಿಯಮ್ಮನಿಗಾದದ್ದು ಅನ್ಯಾಯವಾದದ್ದು ಕೂದಲು ಹೋದದ್ದಕ್ಕಿಂತ ಹೆಚ್ಚಾಗಿ, ಅವಳನ್ನು ಕೇಳದೆ ಹೋದದ್ದರಿಂದ. ಹುಡುಗಿ ಫೋನಿನ ಚಿತ್ರ ನೋಡುತ್ತಿದ್ದಾಳೆ, ಅಮ್ಮ ಮನಸ್ಸಿನಲ್ಲಿ ಮೊಗ್ಗಿನ ಜಡೆ ಹಾಕಿ, ಹಿಂದೆ ಕನ್ನಡಿ ಇಟ್ಟು ಸ್ಟುಡಿಯೋದಲ್ಲಿ ತೆಗೆಸಿದ ಹಳೆಯ ಚಿತ್ರ ನೋಡುತ್ತಿದ್ದಾಳೆ. ಇಬ್ಬರೂ ಕುರ್ಚಿಯಲ್ಲಿ ಕೂತ ತಲೆಯನ್ನು ನೋಡಿದರೆ ಜಗಳ ಅರ್ಧ ಇಳಿಯುತ್ತದೆ.

ಹೂ ಮುಡಿಯುವುದು ಹೇಗೆ?
ಸಣ್ಣ ಕಪ್ಪು ಹೇರ್‌ಪಿನ್ನಿಗೆ ‘ಬಾಬಿ ಪಿನ್’ ಎಂಬ ಹೆಸರು ಬಂದದ್ದೇ 1920ರ ದಶಕದ ಬಾಬ್ ಕೂದಲಿನಿಂದ. ಕಿವಿಯ ಹಿಂದಿನ ಕೂದಲನ್ನು ಎರಡೂ ಕಡೆಯಿಂದ ತಂದು ಹಿಂದೆ ಕ್ಲಿಪ್ಪು ಹಾಕಿದರೆ ಗೇಣುದ್ದದ ಮಲ್ಲಿಗೆ ದಂಡೆ ಅಡ್ಡಕ್ಕೆ ನಿಲ್ಲುತ್ತದೆ. ಪಿನ್ನನ್ನು ದಾರದ ಗಂಟಿನ ಮೇಲೆ ಚುಚ್ಚಬೇಕು. ಮದುವೆಗೆ ಮೊಗ್ಗಿನ ಜಡೆಯೇ ಬೇಕೆಂದರೆ ಚೌರಿ ಇದೆ. ನೀಳ ಕೂದಲಿನವರೂ ಈಗ ಚೌರಿಗೆ ಹೆಣೆದ ಸಿದ್ಧ ಜಡೆಯನ್ನೇ ಕಟ್ಟಿಸಿಕೊಳ್ಳುವುದುಂಟು. ಜುಮುಕಿ ಹಾಕುವ ದಿನ ಎರಡೂ ಪಕ್ಕದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದರೆ ಎಳೆಗಳು ಕೊಂಡಿಗೆ ತೊಡರುವುದಿಲ್ಲ.

ಉಳಿದದ್ದು ಖರ್ಚಿನ ಮತ್ತು ಪಶ್ಚಾತ್ತಾಪದ ಪ್ರಶ್ನೆ. ಗಿಡ್ಡ ಕೂದಲಿಗೆ ಆರೈಕೆ ಕಡಿಮೆ ಎಂಬುದು ಅರ್ಧ ಸತ್ಯ. ಶ್ಯಾಂಪೂ, ನೀರು, ಸಿಕ್ಕು ಬಿಡಿಸುವ ಹೊತ್ತು ಕಡಿಮೆ. ಕತ್ತರಿಯ ಖರ್ಚು ಹೆಚ್ಚು. ನೆತ್ತಿಯ ಜಿಡ್ಡು ತುದಿ ತಲುಪಲು ಅಂತರ ಕಡಿಮೆಯಿರುವುದರಿಂದ ತಲೆ ಬೇಗ ಎಣ್ಣೆಗಟ್ಟುತ್ತದೆ, ವಾರಕ್ಕೊಂದು ತಲೆಸ್ನಾನ ಸಾಲುವುದಿಲ್ಲ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಬೆಳೆಯುತ್ತದೆ. ದವಡೆಯ ಮಟ್ಟದ ಬಾಬ್ ಆರೆಂಟು ವಾರದಲ್ಲಿ ಆಕಾರ ಕಳೆದುಕೊಳ್ಳುತ್ತದೆ, ಭುಜ ಮುಟ್ಟಲು ಹತ್ತಿರಹತ್ತಿರ ಒಂದು ವರ್ಷ ಬೇಕು. ಪ್ರತಿ ಎರಡು ತಿಂಗಳಿಗೊಮ್ಮೆ ದೊಡ್ಡ ಸಲೂನಿನ ಬಿಲ್ಲು ಕಟ್ಟಲು ಆಗದವರಿಗೆ ನಾನು ತೀರಾ ಗಿಡ್ಡ, ಹಿಂದೆ ಮೆಟ್ಟಿಲು ಹಾಕಿದ ಬಾಬ್ ಹೇಳುವುದಿಲ್ಲ. ಕುತ್ತಿಗೆಯ ನಡುಮಟ್ಟದ ಟೆಕ್ಸ್ಚರ್ಡ್ ಬಾಬ್ ಮೂರು ನಾಲ್ಕು ತಿಂಗಳು ಆಕಾರಗೆಡದೆ ಬೆಳೆಯುತ್ತದೆ, ನಡುವೆ ಕುತ್ತಿಗೆಯಂಚನ್ನಷ್ಟೇ ಮನೆಯ ಹತ್ತಿರದ ಪಾರ್ಲರಿನಲ್ಲಿ ಸರಿಮಾಡಿಸಿಕೊಳ್ಳಬಹುದು. ಮೊದಲ ಸಲ ಮಾಡಿಸುವವರು ಬೇಕಾದ ಉದ್ದಕ್ಕಿಂತ ಎರಡು ಬೆರಳು ಕೆಳಗೆ ನಿಲ್ಲಿಸಿ, ಟೆಕ್ಸ್ಚರನ್ನು ಅರ್ಧದಷ್ಟೇ ಕೊಡಿಸಿಕೊಂಡು ಎದ್ದು ಬರಲಿ. ಆರು ವಾರ ತಮ್ಮ ನೀರಿನಲ್ಲಿ ತೊಳೆದು, ತಮ್ಮ ಹೆಲ್ಮೆಟ್ಟಿನೊಳಗೆ ಇಟ್ಟು, ತಮ್ಮ ದಿಂಬಿನ ಮೇಲೆ ಮಲಗಿ ನೋಡಲಿ. ಎರಡನೇ ಭೇಟಿಗೆ ಕೂದಲನ್ನು ಸಿಂಗರಿಸಿಕೊಳ್ಳದೆ, ದಿನಾ ಇರುವ ಹಾಗೇ ಹೋಗಬೇಕು. ಅದು ಎಲ್ಲಿ ಎದ್ದಿದೆ, ಎಲ್ಲಿ ಅಂಟಿದೆ, ಯಾವ ಪಕ್ಕ ಹೊರಕ್ಕೆ ತಿರುಗಿದೆ ಎಂಬುದನ್ನು ಕಣ್ಣಾರೆ ನೋಡಿದ ಮೇಲೆಯೇ, ಮುಂದಿನ ಅರ್ಧ ಅಂಗುಲವನ್ನು ಎಲ್ಲಿಂದ ತೆಗೆಯಬೇಕೆಂದು ಕತ್ತರಿ ಹಿಡಿದವರಿಗೆ ತಿಳಿಯುವುದು.